ಶರೀರ ನಟರದು, ಶಾರೀರ ಯಾರದು?

ಫ್ರಾನ್ಸಿನ ಗಾಯಕಿ ಎಡಿತ್ ಪಿಯಾಫ್ ತೀರಿಕೊಂಡದ್ದು 1963ರಲ್ಲಿ. ಅರವತ್ತು ವರ್ಷ ಕಳೆದ ಮೇಲೆ, 2023ರ ನವೆಂಬರಿನಲ್ಲಿ, ವಾರ್ನರ್ ಮ್ಯೂಸಿಕ್ ಸಂಸ್ಥೆ ಅವರ ಬಾಳಿನ ಕುರಿತು ಅನಿಮೇಷನ್ ಚಿತ್ರ ಮಾಡುವುದಾಗಿ ಪ್ರಕಟಿಸಿತು. ಜೀವನಚಿತ್ರಗಳು ಸಾಲುಗಟ್ಟಿ ಬರುತ್ತಿರುವ ಕಾಲವಿದು, ಅಷ್ಟರಲ್ಲಿ ವಿಶೇಷವೇನೂ ಇಲ್ಲ. ವಿಶೇಷ ಇದ್ದದ್ದು ಪ್ರಕಟಣೆಯ ಮುಂದಿನ ಸಾಲಿನಲ್ಲಿ. ಆ ಚಿತ್ರದಲ್ಲಿ ಕಥೆ ಹೇಳುವವರು ಪಿಯಾಫ್ ಅವರೇ. ಅವರ ಹಳೆಯ ಧ್ವನಿತುಣುಕುಗಳನ್ನು ನೂರಾರು ಸಂಖ್ಯೆಯಲ್ಲಿ ಕಂಪ್ಯೂಟರಿಗೆ ಉಣಿಸಿ, ಕೃತಕ ಬುದ್ಧಿಮತ್ತೆಯಿಂದ ಆ ದನಿಯನ್ನು ಮತ್ತೆ ಕಟ್ಟಿ, ಅವರು ಬದುಕಿದ್ದಾಗ ಎಂದೂ ಆಡದ ಮಾತುಗಳನ್ನು ಆಡಿಸುವುದು ಯೋಜನೆ. ಅವರ ಹಕ್ಕುದಾರರು ಇದಕ್ಕೆ ಒಪ್ಪಿಗೆಯನ್ನೂ ಕೊಟ್ಟಿದ್ದಾರೆ.

ಬೆಂಗಳೂರಿನಲ್ಲಿ ಕುಳಿತು ಆ ಸುದ್ದಿ ಓದಿದ ದಿನ ನನ್ನ ಮನಸ್ಸು ನೇರವಾಗಿ ನಮ್ಮ ಭಾವಗೀತೆಯ ಗಾಯಕ ಪಿ. ಕಾಳಿಂಗರಾಯರ ಕಡೆಗೆ ಹೋಯಿತು. ನಾಳೆ ಯಾರಾದರೂ ಅವರ ಬಾಳನ್ನು ಸಿನಿಮಾ ಮಾಡಲು ಹೊರಟರೆ ತೆರೆಯ ಮೇಲೆ ಹಾಡುವುದು ಯಾರ ದನಿ?

ರಾಜ್‌ಕುಮಾರ್ ಹೇಳುತ್ತಿದ್ದ ಮಾತು ಕನ್ನಡಿಗರಿಗೆಲ್ಲ ಬಾಯಿಪಾಠ: ತಾವು ಶರೀರ, ಪಿ.ಬಿ. ಶ್ರೀನಿವಾಸ್ ಶಾರೀರ. ಹಿನ್ನೆಲೆ ಗಾಯನದ ಇಡೀ ವ್ಯವಸ್ಥೆಯನ್ನು ಒಂದು ದೀರ್ಘಾಕ್ಷರದಲ್ಲಿ ಹಿಡಿದಿಟ್ಟ ಮಾತು ಅದು. ತೆರೆಯ ಮೇಲಿನ ಮೈ ಒಬ್ಬರದು, ಕಿವಿಗೆ ಬೀಳುವ ದನಿ ಇನ್ನೊಬ್ಬರದು. ಎರಡನ್ನೂ ಒಂದೇ ಜೀವವೆಂದು ನಾವು ಪ್ರೀತಿಯಿಂದ ನಂಬಿದೆವು. ಆದರೆ ಕಥಾನಾಯಕನೇ ಗಾಯಕನಾದಾಗ ಈ ಲೆಕ್ಕ ತಪ್ಪುತ್ತದೆ. ಅವನ ಮೈಯನ್ನು ನಟನೊಬ್ಬ ತುಂಬಿಕೊಡಬಹುದು. ಶಾರೀರವನ್ನು ತುಂಬಿಕೊಡುವವರು ಯಾರು? ಇದು ಇತ್ಯರ್ಥವಾಗದೆ ಚಿತ್ರಕಥೆಯ ಮೊದಲ ಪುಟವನ್ನೂ ಬರೆಯಲಾಗದು ಎಂಬುದು ನನ್ನ ವಾದ. ಏಕೆಂದರೆ ಶಾರೀರದ ಬೀಗದಕೈ ಯಾರ ಬಳಿ ಇದೆಯೋ, ಕಥೆಯ ಬೀಗದಕೈಯೂ ಅವರ ಬಳಿಯೇ ಇರುತ್ತದೆ.

ಪಿಯಾಫ್ ಕುರಿತು ಈಗಾಗಲೇ ಒಂದು ಹೆಸರುವಾಸಿ ಚಿತ್ರವಿದೆ. 2007ರಲ್ಲಿ ಒಲಿವಿಯೆ ದಹಾನ್ ನಿರ್ದೇಶಿಸಿದ್ದು. ಪಿಯಾಫ್ ಪಾತ್ರದಲ್ಲಿ ಮರಿಯಾನ್ ಕೊಟಿಯಾರ್. ಹಾಡುಗಳು ಬಹುಪಾಲು ಪಿಯಾಫ್ ಅವರದೇ ಹಳೆಯ ಮುದ್ರಣಗಳು. ಅವು ಒದಗದ ಕಡೆ ಜಿಲ್ ಏಗ್ರೋ ಎಂಬ ಗಾಯಕಿ ಹಾಡಿದ್ದಾರೆ. ಕೊಟಿಯಾರ್ ತುಟಿ ಹೊಂದಿಸಿದ್ದಾರೆ, ಅಷ್ಟೇ. ಆದರೂ ಶ್ರೇಷ್ಠ ನಟಿಯ ಆಸ್ಕರ್ ಅವರಿಗೆ ಬಂತು. ಫ್ರೆಂಚ್ ಭಾಷೆಯ ಪಾತ್ರಕ್ಕೆ ನಟನೆಯ ಆಸ್ಕರ್ ಸಿಕ್ಕಿದ್ದು ಅದೇ ಮೊದಲು. ತುಟಿಯಾಡಿಸಿದ್ದಕ್ಕೆ ಇಷ್ಟು ದೊಡ್ಡ ಮರ್ಯಾದೆಯೇ ಎಂದು ಮೊದಲು ನನಗೂ ಅನ್ನಿಸಿತ್ತು. ಎರಡನೆಯ ಸಲ ನೋಡುವಾಗ ಒಂದು ಹಾಡಿನ ದೃಶ್ಯವನ್ನು ದನಿ ಪೂರ್ತಿ ಇಳಿಸಿ ನೋಡಿದೆ. ಏನೂ ಕೇಳಿಸುತ್ತಿಲ್ಲ, ಆದರೆ ಹಾಡು ಕಾಣಿಸುತ್ತಿದೆ! ಸಾಲು ಶುರುವಾಗುವ ಅರೆಕ್ಷಣ ಮೊದಲು ಹೆಗಲು ಮೇಲೇಳುತ್ತದೆ, ಗಂಟಲಿನ ನರ ಬಿಗಿಯುತ್ತದೆ, ಸಾಲು ಮುಗಿದ ಮೇಲೆ ಗಲ್ಲ ಸಣ್ಣಗೆ ನಡುಗುತ್ತದೆ. ಸತ್ತುಹೋದ ಒಬ್ಬ ಹೆಂಗಸು ಎಲ್ಲೆಲ್ಲಿ ಉಸಿರೆಳೆದುಕೊಂಡಿದ್ದಳೋ ಅಲ್ಲಲ್ಲೇ ಈ ನಟಿಯೂ ಉಸಿರೆಳೆದುಕೊಂಡಿದ್ದಾಳೆ. ಶಾರೀರ ಇನ್ನೊಬ್ಬರದಾದರೂ ಉಸಿರು ನಟಿಯದೇ.

ಎರಡನೆಯ ದಾರಿ ನಟರೇ ಹಾಡುವುದು. ಅಮೆರಿಕದ ಹಳ್ಳಿಹಾಡಿನ ಗಾಯಕಿ ಲೊರೆಟ್ಟಾ ಲಿನ್ ಕುರಿತ 1980ರ ಚಿತ್ರದಲ್ಲಿ ಸಿಸಿ ಸ್ಪೇಸೆಕ್ ಹಾಗೆ ಹಾಡಿದರು. ಜಾನಿ ಕ್ಯಾಶ್ ಕುರಿತ 2005ರ ಚಿತ್ರದಲ್ಲಿ ಹ್ವಾಕಿನ್ ಫೀನಿಕ್ಸ್ ಮತ್ತು ರೀಸ್ ವಿದರ್‌ಸ್ಪೂನ್ ಹಾಡಿದರು. ನಮ್ಮಲ್ಲಿ 2024ರಲ್ಲಿ ಬಂದ ಪಂಜಾಬಿನ ಚಮ್ಕೀಲಾ ಕುರಿತ ಚಿತ್ರಕ್ಕೆ ಇಮ್ತಿಯಾಜ್ ಅಲಿ ಆರಿಸಿಕೊಂಡದ್ದು ಗಾಯಕರೂ ಆದ ದಿಲ್ಜಿತ್ ದೋಸಾಂಜ್ ಅವರನ್ನು. ಚಿತ್ರೀಕರಣದ ಸ್ಥಳದಲ್ಲಿಯೇ ದಿಲ್ಜಿತ್ ಮತ್ತು ಪರಿಣೀತಿ ಚೋಪ್ರಾ ಹಾಡಿದ್ದನ್ನು ಮುದ್ರಿಸಿಕೊಂಡರು. ಹಳ್ಳಿಯ ಅಖಾಡದಲ್ಲಿ ಮೈಕಿನ ಮುಂದೆ ನಿಂತು ಹಾಡುವ ಹುರುಪು ಅದರಿಂದ ಬಂತು. ಮೂರನೆಯ ದಾರಿ, ಬೇರೊಬ್ಬ ಗಾಯಕರ ಕಂಠ ತರುವುದು. ಬಾಲಗಂಧರ್ವರ ಕುರಿತ 2011ರ ಮರಾಠಿ ಚಿತ್ರದಲ್ಲಿ ಸುಬೋಧ್ ಭಾವೆ ನಟಿಸಿದರು, ನಮ್ಮ ಗದಗದ ಭೀಮಸೇನ ಜೋಶಿಯವರ ಶಿಷ್ಯ ಆನಂದ ಭಾಟೆ ಹಾಡಿ ರಾಷ್ಟ್ರಪ್ರಶಸ್ತಿ ಪಡೆದರು. ಇವುಗಳನ್ನು ಬೆರೆಸುವವರೂ ಇದ್ದಾರೆ. ಫ್ರೆಡ್ಡಿ ಮರ್ಕ್ಯುರಿ ಕುರಿತ 2018ರ ಚಿತ್ರದಲ್ಲಿ ಮೂಲ ಗಾಯಕರ ಮುದ್ರಣ, ನಟನ ದನಿ, ಇನ್ನೊಬ್ಬ ಗಾಯಕರ ದನಿ ಮೂರೂ ಸೇರಿಕೊಂಡಿವೆ.

ಕನ್ನಡಕ್ಕೆ ಗಾಯಕರ ಚಿತ್ರ ಹೊಸದಲ್ಲ. ಭೈರವಿ ವೆಂಕಟಸುಬ್ಬಯ್ಯನವರ ಬಾಳನ್ನು ಆಧರಿಸಿದ ತ.ರಾ.ಸು. ಕಾದಂಬರಿಯನ್ನು ಜಿ.ವಿ. ಅಯ್ಯರ್ 1975ರಲ್ಲಿ ‘ಹಂಸಗೀತೆ’ಯಾಗಿ ತೆರೆಗೆ ತಂದರು, ಅನಂತ್ ನಾಗ್ ನಟಿಸಿದರು, ಬಾಲಮುರಳಿಕೃಷ್ಣ ಹಾಡಿ ರಾಷ್ಟ್ರಪ್ರಶಸ್ತಿ ಪಡೆದರು. 1990ರಲ್ಲಿ ಟಿ.ಎಸ್. ನಾಗಾಭರಣ ಶಿಶುನಾಳ ಶರೀಫರ ಚಿತ್ರ ಮಾಡಿದಾಗ ಮೈ ಶ್ರೀಧರ್ ಅವರದು, ಕಂಠ ಸಿ. ಅಶ್ವತ್ಥ್ ಅವರದು. 1995ರಲ್ಲಿ ಗದುಗಿನ ಪಂಚಾಕ್ಷರಿ ಗವಾಯಿಗಳ ಚಿತ್ರ ಬಂತು. ಹಂಸಲೇಖ ಸಂಗೀತ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಗಾಯನ, ಇಬ್ಬರಿಗೂ ರಾಷ್ಟ್ರಪ್ರಶಸ್ತಿ.

ಈ ಮೂರು ಚಿತ್ರಗಳಿಗೂ ಇದ್ದ ಒಂದು ಸ್ವಾತಂತ್ರ್ಯವನ್ನು ಗಮನಿಸಬೇಕು. ಶರೀಫರು ಕಾಲವಾದದ್ದು 1889ರಲ್ಲಿ. ಭಾರತದಲ್ಲಿ ಗ್ರಾಮಫೋನ್ ಮುದ್ರಣ ಶುರುವಾದದ್ದು 1902ರಲ್ಲಿ. (ಆ ಮೊದಲ ಮುದ್ರಣಗಳಲ್ಲಿ ಹಾಡಿದ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲಿಯೇ ಕಣ್ಣುಮುಚ್ಚಿದರು; ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗದು.) ಶರೀಫರ ದನಿ ಹೀಗಿರಲಿಲ್ಲ ಎಂದು ಎದ್ದುನಿಂತು ಹೇಳುವವರು ಯಾರೂ ಇರಲಿಲ್ಲ. ವೆಂಕಟಸುಬ್ಬಯ್ಯನವರ ಕಥೆಯೂ ಅಷ್ಟೇ. ಗವಾಯಿಗಳ ಸ್ವಂತ ಕಂಠವೂ ಚಿತ್ರ ಬಂದ ಹೊತ್ತಿಗೆ ಸಾಮಾನ್ಯ ಪ್ರೇಕ್ಷಕರ ಕಿವಿಯಲ್ಲಿ ಉಳಿದಿರಲಿಲ್ಲ. ಹಾಗಾಗಿ ಸಿನಿಮಾ ಕೊಟ್ಟ ದನಿಯೇ ಅವರ ದನಿಯಾಗಿ ನಿಂತಿತು. ಇಂದು ಶರೀಫರ ತತ್ವಪದವನ್ನು ಮೌನವಾಗಿ ಓದಿದರೂ ನಮ್ಮಲ್ಲಿ ಎಷ್ಟೋ ಜನರಿಗೆ ಒಳಗಿನಿಂದ ಕೇಳಿಸುವುದು ಅಶ್ವತ್ಥರ ಏರುಕಂಠ.

ಗ್ರಾಮಫೋನ್ ಮತ್ತು ರೇಡಿಯೊ ಕಾಲದ ಗಾಯಕರ ವಿಷಯದಲ್ಲಿ ಈ ಸ್ವಾತಂತ್ರ್ಯ ಇಲ್ಲ. ಕಾಳಿಂಗರಾಯರು 1914ರಲ್ಲಿ ಉಡುಪಿ ಸೀಮೆಯ ಆರೂರಿನಲ್ಲಿ ಹುಟ್ಟಿ, ನಾಟಕ ಕಂಪನಿಯ ರಂಗದಲ್ಲಿ ಕಂಠ ಪಳಗಿಸಿಕೊಂಡು, ಸಿನಿಮಾಕ್ಕೂ ಸಂಗೀತ ಕೊಟ್ಟು, 1981ರಲ್ಲಿ ತೀರಿಕೊಂಡವರು. ಪುಟದಲ್ಲಿದ್ದ ನವೋದಯದ ಕವಿತೆಯನ್ನು ಮನೆಮನೆಯ ಹಾಡಾಗಿ ಮಾಡಿದವರಲ್ಲಿ ಮೊದಲಿಗರು. ಮೋಹನಕುಮಾರಿ, ಸೋಹನಕುಮಾರಿಯರ ಜೊತೆದನಿಯೊಂದಿಗೆ ಅವರು ಹಾಡಿದ ‘ಮೂಡಲ ಕುಣಿಗಲ್ ಕೆರೆ’ಯಾಗಲಿ, ಪುರಂದರದಾಸರ ‘ಯಾರು ಹಿತವರು ನಿನಗೆ’ಯಾಗಲಿ ಇನ್ನೂ ಬದುಕಿರುವ ಕಿವಿಗಳಲ್ಲಿ ಇವೆ. ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಎಂಬತ್ತು ದಾಟಿದ ಅಜ್ಜಿಯೊಬ್ಬರನ್ನು ಕೇಳಿ ನೋಡಿ. ರೇಡಿಯೊ ಮುಂದೆ ಕುಳಿತು ಕೇಳಿದ ಆ ದಪ್ಪ, ತುಸು ಮೂಗಿನ ಅಂಚಿಗೆ ತಾಗುವ ಶಾರೀರವನ್ನು ಅವರು ಮೊದಲ ಸ್ವರದಲ್ಲೇ ಗುರುತು ಹಿಡಿಯುತ್ತಾರೆ. ಇವರ ಮುಂದೆ ಬೇರೆ ದನಿ ತಂದಿಟ್ಟರೆ “ಇದು ಅವರಲ್ಲ” ಎನ್ನಲು ಅರೆನಿಮಿಷ ಸಾಕು.

ಹಾಗಾದರೆ ಮೂಲ ಮುದ್ರಣವನ್ನೇ ಹಾಕಿಬಿಡಬಹುದಲ್ಲ? ಇಲ್ಲಿಂದ ವಿಷಯ ಕಾನೂನಿನ ಅಂಗಳಕ್ಕೆ ಬರುತ್ತದೆ. ಹೊರಗಿನವರಿಗೆ ಒಣ ವಿಷಯ ಅನ್ನಿಸಬಹುದು, ಆದರೆ ಯಾವ ಹಾಡು ತೆರೆಗೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದು ನಿರ್ಧಾರವಾಗುವುದು ಇಲ್ಲಿಯೇ.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಒಂದು ಹಾಡನ್ನು ಒಂದೇ ವಸ್ತುವೆಂದು ನೋಡುವುದಿಲ್ಲ. ಸಾಹಿತ್ಯ ಬೇರೆ, ಸಂಗೀತ ಸಂಯೋಜನೆ ಬೇರೆ, ಧ್ವನಿಮುದ್ರಣ ಬೇರೆ. ಸಾಹಿತ್ಯದ ಮೇಲೆ ಕವಿ ಬದುಕಿರುವವರೆಗೂ ಹಕ್ಕಿದೆ, ಕವಿ ಸತ್ತ ನಂತರವೂ 60 ವರ್ಷ ಇದೆ. ಸಂಯೋಜನೆಗೂ ಅದೇ ಲೆಕ್ಕ. ಧ್ವನಿಮುದ್ರಣದ ಲೆಕ್ಕ ಬೇರೆ: ಅದು ಹೊರಬಂದ ಮರುವರ್ಷದ ಜನವರಿಯಿಂದ 60 ವರ್ಷ, ಹಾಡಿದವರು ಬದುಕಿರಲಿ ಬಿಡಲಿ. (ಸಾಹಿತ್ಯದ ಹಕ್ಕಿಗೆ ಮೊದಲು ಇದ್ದದ್ದು 50 ವರ್ಷ. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಬರವಣಿಗೆಯ ಹಕ್ಕು ಮುಗಿಯುವ ಹೊತ್ತು ಬಂದಾಗ, 1990ರ ದಶಕದ ಆರಂಭದಲ್ಲಿ, ಇನ್ನೂ ಹತ್ತು ವರ್ಷ ಸೇರಿಸಿದರು.)

ಈ ಲೆಕ್ಕವನ್ನು ಹಾಡುಗಳ ಮೇಲೆ ಹಾಕಿ ನೋಡಿದರೆ ವಿಚಿತ್ರ ಚಿತ್ರ ಮೂಡುತ್ತದೆ. 1964ರ ಕೊನೆಯವರೆಗೆ ಹೊರಬಂದ ಯಾವುದೇ ಗ್ರಾಮಫೋನ್ ತಟ್ಟೆಯ ಮುದ್ರಣಹಕ್ಕು 2024ರ ಡಿಸೆಂಬರಿಗೆ ಮುಗಿದಿದೆ. ನಮ್ಮ ಬೀದಿಗಳಲ್ಲಿ ಇಂದಿಗೂ ಬೆಳಗಿನ ಹಾಲಿನ ಜೊತೆಗೇ ಬರುವ ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತದ ಪ್ರಸಿದ್ಧ ಮುದ್ರಣ 1963ರದು. ಅದೂ ಈ ಲೆಕ್ಕದೊಳಗೆ ಬರುತ್ತದೆ. ಕಾಳಿಂಗರಾಯರ 1950ರ ದಶಕದ ತಟ್ಟೆಗಳಂತೂ ಎಂದೋ ಬಂಧಮುಕ್ತ. ಆದರೆ ಆ ತಟ್ಟೆಯೊಳಗಿನ ಕವಿತೆ? ಬೇಂದ್ರೆಯವರು ತೀರಿಕೊಂಡದ್ದು ಕಾಳಿಂಗರಾಯರು ಹೋದ ವರ್ಷವೇ, 1981ರಲ್ಲಿ. ಅವರ ಕವಿತೆಯ ಹಕ್ಕು 2041ರ ಕೊನೆಯವರೆಗೆ ಇದೆ. ಕಾಳಿಂಗರಾಯರೇ ಹಾಕಿದ ಮಟ್ಟಿನ ಹಕ್ಕೂ ಅಲ್ಲಿಯವರೆಗೆ. ಕುವೆಂಪು 1994ರಲ್ಲಿ ಹೋದರು, ಅವರದು 2054ರವರೆಗೆ. ಕೆ.ಎಸ್. ನರಸಿಂಹಸ್ವಾಮಿಯವರು 2003ರಲ್ಲಿ, 1942ರ ‘ಮೈಸೂರು ಮಲ್ಲಿಗೆ’ಯ ಕವಿತೆಗೂ 2063ರವರೆಗೆ ಅನುಮತಿ ಬೇಕು. ದಾಸರ ಪದಕ್ಕೆ, ಜನಪದ ಗೀತೆಯ ಮಾತಿಗೆ ಯಾರ ಅನುಮತಿಯೂ ಬೇಡ.

ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಕೈಯಲ್ಲಿ ಹಣ ಕಡಿಮೆ ಇರುವ ನಿರ್ಮಾಪಕರು ಕಾಳಿಂಗರಾಯರ ಚಿತ್ರ ಮಾಡಿದರೆ ಅದರಲ್ಲಿ ದಾಸರ ಪದ, ಜನಪದ ಧಾರಾಳವಾಗಿ ಇರುತ್ತವೆ. ಭಾವಗೀತೆ ಒಂದೋ ಎರಡೋ. ಅಂದರೆ ಯಾವ ಕೆಲಸಕ್ಕಾಗಿ ಅವರನ್ನು ನೆನೆಯಬೇಕೋ, ಹೊಸಗನ್ನಡ ಕವಿತೆಗೆ ಕೊರಳು ಕೊಟ್ಟ ಆ ಕೆಲಸವೇ ತೆರೆಯಿಂದ ಜಾರಿಹೋಗುತ್ತದೆ. ಪ್ರೇಕ್ಷಕರಿಗೆ ಇದು ನಿರ್ದೇಶಕರ ಆಯ್ಕೆಯಂತೆ ಕಾಣುತ್ತದೆ. ನಿಜದಲ್ಲಿ ಅದು ಒಪ್ಪಂದದ ಕಾಗದಗಳ ಆಯ್ಕೆ. ಕವಿಗಳ ಹಕ್ಕು ಮೊಟಕಾಗಬೇಕು ಎಂದು ನಾನು ಹೇಳುತ್ತಿಲ್ಲ. ಕನ್ನಡ ಕವಿಗಳಿಗೆ ಬರವಣಿಗೆಯಿಂದ ಸಿಕ್ಕಿದ್ದೇ ಅಲ್ಪ. ಚಿತ್ರಕಥೆಗೆ ಕೈಹಾಕುವ ಮೊದಲೇ ಕವಿಮನೆಗಳ ಬಾಗಿಲಿಗೆ ಹೋಗಿ, ನ್ಯಾಯವಾದ ಹಣ ಕೊಟ್ಟು ಕೇಳುವ ಪದ್ಧತಿ ಬೇಕು ಎನ್ನುತ್ತಿದ್ದೇನೆ.

ಹಾಡು ಕೈಗೆ ಸಿಗದಾಗ ಚಿತ್ರದ ಗತಿ ಏನಾಗುತ್ತದೆ ಎಂಬುದಕ್ಕೆ ಹೊರದೇಶದಲ್ಲಿ ಎರಡು ಉದಾಹರಣೆಗಳಿವೆ. ಜಿಮಿ ಹೆಂಡ್ರಿಕ್ಸ್ ಕುರಿತ 2013ರ ಚಿತ್ರಕ್ಕೆ ಹಕ್ಕುದಾರರು ಅವರ ರಚನೆಗಳನ್ನು ಕೊಡಲಿಲ್ಲ. ಚಿತ್ರದವರು ಅವರು ಇನ್ನೂ ಹೆಸರು ಮಾಡದ ಒಂದೆರಡು ವರ್ಷಗಳಿಗೆ ಕಥೆಯನ್ನು ಕುಗ್ಗಿಸಿಕೊಂಡು, ಬೇರೆಯವರ ಹಾಡುಗಳನ್ನು ಅವರು ನುಡಿಸುವುದನ್ನು ತೋರಿಸಿದರು. ಡೇವಿಡ್ ಬೋವಿ ಕುರಿತ 2020ರ ಚಿತ್ರದಲ್ಲಿಯೂ ಬೋವಿಯ ಸ್ವಂತ ಹಾಡು ಒಂದೂ ಇಲ್ಲ, ಮನೆಯವರ ಒಪ್ಪಿಗೆ ಇರಲಿಲ್ಲ. ಹಾಡು ಕೊಡುವ ಕೈ ಕಥೆಯನ್ನೂ ಕತ್ತರಿಸಬಲ್ಲದು ಎಂದು ನಾನು ಹೇಳಿದ್ದು ಇದನ್ನೇ.

ಮನೆಯವರು ಒಪ್ಪದಿದ್ದರೆ ಚಿತ್ರ ಮಾಡುವಂತೆಯೇ ಇಲ್ಲವೇ? ನಮ್ಮ ಕಾನೂನು ಹಾಗೆ ಹೇಳುವುದಿಲ್ಲ. ಸಾರ್ವಜನಿಕ ದಾಖಲೆಯಲ್ಲಿರುವ ಸಂಗತಿಯನ್ನು ಆಧರಿಸಿ ಬರೆಯಲು ಅನುಮತಿ ಬೇಡ ಎಂದು ಸುಪ್ರೀಂ ಕೋರ್ಟ್ 1994ರಲ್ಲಿಯೇ ರಾಜಗೋಪಾಲ್ ಪ್ರಕರಣದಲ್ಲಿ ಹೇಳಿದೆ. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ಐತಿಹಾಸಿಕ ತೀರ್ಪು ಬಂದದ್ದು ನಮ್ಮ ಬೆಂಗಳೂರಿನವರೇ ಆದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಿಂದ. ಆದರೆ ಆ ಹಕ್ಕು ವ್ಯಕ್ತಿಯೊಂದಿಗೇ ಮುಗಿಯುತ್ತದೆ, ಮನೆಮಠದಂತೆ ವಾರಸುದಾರರಿಗೆ ಇಳಿದುಬರುವುದಿಲ್ಲ ಎಂಬುದು ಜಯಲಲಿತಾ ಕುರಿತ ಚಿತ್ರದ ವಿಷಯದಲ್ಲಿ ಮದ್ರಾಸ್ ಹೈಕೋರ್ಟ್, ಸುಶಾಂತ್ ಸಿಂಗ್ ರಜಪೂತ್ ಕುರಿತ ಚಿತ್ರದ ವಿಷಯದಲ್ಲಿ ದೆಹಲಿ ಹೈಕೋರ್ಟ್ ತಳೆದ ನಿಲುವು. ಆದರೂ ನಿರ್ಮಾಪಕರು ಮನೆಯವರ ಕಾಗದವಿಲ್ಲದೆ ಮುಂದೆ ಹೋಗಲು ಅಂಜುತ್ತಾರೆ. ಬಿಡುಗಡೆಯ ಹಿಂದಿನ ದಿನ ತಡೆಯಾಜ್ಞೆ ಬಂದರೆ ಹಾಕಿದ ಹಣ ಮುಳುಗುತ್ತದೆ. ಪತ್ರಗಳು, ಫೋಟೊಗಳು, ಮನೆಯಲ್ಲಿ ಮುದ್ರಿಸಿಕೊಂಡ ಟೇಪುಗಳು ಇರುವುದೂ ಮನೆಯವರ ಬಳಿಯೇ.

ಆ ಕಾಗದಕ್ಕೆ ಒಂದು ಬೆಲೆ ಇರುತ್ತದೆ, ಅದು ಹಣವೇ ಆಗಬೇಕಿಲ್ಲ. ಯಾವುದನ್ನು ತೋರಿಸಬಾರದು ಎಂಬ ಪಟ್ಟಿಯೂ ಆಗಬಹುದು. ಎಂ.ಎಸ್. ಅವರ ಬಾಳನ್ನೇ ತೆಗೆದುಕೊಳ್ಳಿ. 1916ರಲ್ಲಿ ಮಧುರೆಯಲ್ಲಿ ದೇವದಾಸಿ ಪರಂಪರೆಯ ವೀಣಾ ವಿದುಷಿಯ ಮಗಳಾಗಿ ಹುಟ್ಟಿದ್ದು, ಹರೆಯದಲ್ಲಿ ಮದರಾಸಿಗೆ ಹೊರಟುಬಂದದ್ದು, 1940ರಲ್ಲಿ ಸದಾಶಿವಂ ಅವರನ್ನು ಮದುವೆಯಾದದ್ದು, ಆಮೇಲೆ ಆ ಬಾಳಿನ ಪ್ರತಿಯೊಂದು ಹೆಜ್ಜೆಯೂ ಗಂಡನ ಯೋಜನೆಯಂತೆ ನಡೆದದ್ದು ಎಲ್ಲ ಬರಹದಲ್ಲಿ ದಾಖಲಾಗಿವೆ. ಬೆಂಗಳೂರಿನಲ್ಲಿ ನೆಲೆಸಿದ್ದ ಪತ್ರಕರ್ತ ಟಿ.ಜೆ.ಎಸ್. ಜಾರ್ಜ್ 2004ರಲ್ಲಿ ಪ್ರಕಟಿಸಿದ ಜೀವನಚರಿತ್ರೆ ಈ ಸಂಗತಿಗಳನ್ನು ಗೌರವದಿಂದಲೇ, ಮುಚ್ಚಿಡದೆ ಬರೆಯಿತು. ಪುಸ್ತಕಕ್ಕೆ ಈ ಧೈರ್ಯ ಸಾಧ್ಯ. ಸಿನಿಮಾ ಬಂದರೆ ಮದುವೆಗೆ ಮುಂಚಿನ ಇಪ್ಪತ್ತನಾಲ್ಕು ವರ್ಷಗಳು ಎಷ್ಟು ನಿಮಿಷಗಳಾಗಿ ಉಳಿಯುತ್ತವೆ ಎಂಬುದನ್ನು ನಾನು ಗಡಿಯಾರ ಹಿಡಿದು ನೋಡುತ್ತೇನೆ. ಅವರು ತಮ್ಮ ಹೆಸರಿನಲ್ಲಿ ಟ್ರಸ್ಟು, ಪ್ರತಿಮೆ, ಸ್ಮಾರಕ ಯಾವುದೂ ಬೇಡವೆಂದು ಉಯಿಲಿನಲ್ಲಿ ಬರೆಸಿದ್ದರು. ಅದನ್ನೇ ಮುಂದಿಟ್ಟು ಅವರ ಹೆಸರಿನ ಪ್ರಶಸ್ತಿಯೊಂದರ ವ್ಯಾಜ್ಯ 2024ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಪಿಯಾಫ್ ಕುರಿತ 2007ರ ಚಿತ್ರವೂ ಜರ್ಮನ್ನರ ವಶದಲ್ಲಿದ್ದ ಪ್ಯಾರಿಸ್ಸಿನಲ್ಲಿ ಅವರು ಹಾಡಿದ ವರ್ಷಗಳನ್ನು ಬಹುಮಟ್ಟಿಗೆ ಹಾರಿಕೊಂಡೇ ಹೋಗುತ್ತದೆ. ಮೂಲ ಶಾರೀರ ಇದ್ದ ಮಾತ್ರಕ್ಕೆ ಕಥೆ ಪೂರ್ತಿ ಇರುತ್ತದೆ ಎಂದಲ್ಲ.

ಇನ್ನು ಈಗ ತೆರೆದುಕೊಂಡಿರುವ ನಾಲ್ಕನೆಯ ದಾರಿ, ಕಂಪ್ಯೂಟರು ಕಟ್ಟಿಕೊಡುವ ದನಿ. ಇಲ್ಲಿ ಎರಡು ಕೆಲಸಗಳನ್ನು ನಾವು ಕಲಸಿಬಿಡುತ್ತೇವೆ. ಒಂದು ಬೇರ್ಪಡಿಸುವುದು. ಹಳೆಯ ತಟ್ಟೆಯಲ್ಲಿ ಕಂಠ, ಪಿಟೀಲು, ತಬಲ ಎಲ್ಲ ಒಂದೇ ಗೀರಿನಲ್ಲಿ ಸೇರಿಕೊಂಡಿರುತ್ತವೆ. ಅವುಗಳನ್ನು ಎಳೆ ಎಳೆಯಾಗಿ ಬಿಡಿಸುವುದು ಈಗ ಸಾಧ್ಯ. 2023ರಲ್ಲಿ ಬೀಟಲ್ಸ್ ತಂಡದ ಕೊನೆಯ ಹಾಡು ಬಂದದ್ದು, ಜಾನ್ ಲೆನನ್ ಕ್ಯಾಸೆಟ್ಟಿನಲ್ಲಿ ಹಾಡಿಟ್ಟಿದ್ದ ದನಿಯನ್ನು ಪಿಯಾನೊದಿಂದ ಹೀಗೆ ಬಿಡಿಸಿಕೊಂಡು. ಹಾಡಿದವರು ಲೆನನ್ನೇ. ಇನ್ನೊಂದು, ಇಲ್ಲದ್ದನ್ನು ಹುಟ್ಟಿಸುವುದು. 2024ರ ತಮಿಳು ಚಿತ್ರವೊಂದರಲ್ಲಿ ಎ.ಆರ್. ರೆಹಮಾನ್ ತೀರಿಹೋದ ಇಬ್ಬರು ಗಾಯಕರ ದನಿಯನ್ನು ಹೊಸ ಹಾಡಿಗೆ ಬಳಸಿದರು. ಮನೆಯವರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು. ಅದೇ ವರ್ಷ, ತಂದೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯನ್ನು ಕೇಳದೆ ಹೀಗೆ ಬಳಸಿದ್ದಾರೆಂದು ಎಸ್.ಪಿ. ಚರಣ್ ತೆಲುಗು ಚಿತ್ರತಂಡವೊಂದಕ್ಕೆ ನೋಟಿಸು ಕಳಿಸಿದರು. ಬದುಕಿರುವ ಗಾಯಕರಿಗೆ ರಕ್ಷಣೆ ಇದೆ. ಅರಿಜಿತ್ ಸಿಂಗ್ ದನಿಯನ್ನು ನಕಲು ಮಾಡುವ ತಂತ್ರಾಂಶಗಳ ವಿರುದ್ಧ ಬಾಂಬೆ ಹೈಕೋರ್ಟ್ 2024ರ ಜುಲೈನಲ್ಲಿ ತಡೆ ಕೊಟ್ಟಿತು. ತೀರಿಹೋದವರ ದನಿಗೆ? ಮೇಲೆ ಹೇಳಿದ ತೀರ್ಪುಗಳ ದಾರಿಯಲ್ಲಿಯೇ ನಡೆದರೆ, ತಟ್ಟೆಗೆ ಹಕ್ಕಿದೆ, ಕವಿತೆಗೆ ಹಕ್ಕಿದೆ, ದನಿಗೆ ಮಾತ್ರ ವಾರಸುದಾರರಿಲ್ಲ. ರೆಹಮಾನ್ ತೋರಿದ್ದು ಕಾನೂನಿನ ಭಯಕ್ಕಿಂತ ಹೆಚ್ಚಾಗಿ ಸೌಜನ್ಯ. ಸೌಜನ್ಯವನ್ನೇ ನಂಬಿಕೊಂಡು ಉದ್ಯಮ ನಡೆಯುವುದಿಲ್ಲ. ಸಂಸತ್ತು ಇದಕ್ಕೊಂದು ಸ್ಪಷ್ಟ ನಿಯಮ ಮಾಡಲೇಬೇಕು.

ಬಿಡಿಸುವುದಕ್ಕೆ ನನ್ನ ಒಪ್ಪಿಗೆ ಇದೆ. ಹುಟ್ಟಿಸುವುದಕ್ಕೆ ಇಲ್ಲ, ಮನೆಯವರು ಒಪ್ಪಿದರೂ ಇಲ್ಲ. ಗಾಯಕರ ಜೀವನ ಎಂದರೆ ಅವರು ಹಾಡಿದ್ದರ ಜೊತೆಗೆ ಹಾಡಲು ಒಲ್ಲದ್ದೂ ಸೇರಿ. ಒಂದು ಗಮಕವನ್ನು ಎಳೆಯದೆ ಬಿಟ್ಟದ್ದು, ಒಂದು ಕವಿತೆಯನ್ನು ಮುಟ್ಟದೆ ಉಳಿಸಿದ್ದು ಅವರದೇ ತೀರ್ಮಾನ. ಯಂತ್ರ ಹುಟ್ಟಿಸಿದ ಕಾಳಿಂಗರಾಯರು ಯಾವುದನ್ನೂ ಒಲ್ಲೆ ಎನ್ನುವುದಿಲ್ಲ.

ನಮ್ಮವರ ಪೈಕಿ ಯಾರ ಚಿತ್ರ ಮೊದಲು ಆಗಬೇಕು ಎಂದು ಯಾರಾದರೂ ಕೇಳಿದರೆ ನಾನು ಕಾಳಿಂಗರಾಯರಿಗಿಂತ ಮುಂಚೆ ಇನ್ನೊಂದು ಹೆಸರು ಹೇಳುತ್ತೇನೆ: ಅಮೀರಬಾಯಿ ಕರ್ನಾಟಕಿ. ಬೀಳಗಿಯಲ್ಲಿ ಹುಟ್ಟಿ, ರಂಗಭೂಮಿಯ ಮೂಲಕ ಮುಂಬಯಿಗೆ ಹೋಗಿ, ಲತಾ ಯುಗಕ್ಕೆ ಮುಂಚೆ ಹಿಂದಿ ಚಿತ್ರಗೀತೆಯ ಮುಂಚೂಣಿಯಲ್ಲಿದ್ದ ಹೆಂಗಸು. 1943ರ ‘ಕಿಸ್ಮತ್’ ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿತು. ಅದರ ಹಾಡುಗಳಲ್ಲಿ ದೇಶ ಕೇಳಿದ್ದು ಈ ಉತ್ತರ ಕರ್ನಾಟಕದ ಕಂಠವನ್ನು. ಅಕ್ಕ ಗೋಹರಬಾಯಿ ಬಾಲಗಂಧರ್ವರ ಬಾಳಿನೊಳಗೆ ಹೋದರು. ಅಮೀರಬಾಯಿಗೆ ನಟ ಹಿಮಾಲಯವಾಲಾ ಜೊತೆಗಿನ ಮದುವೆ ನೋವನ್ನೇ ಕೊಟ್ಟಿತು. ವಿಜಯಪುರದಲ್ಲಿ ‘ಅಮೀರ್ ಟಾಕೀಸ್’ ಕಟ್ಟಿಸಿದರು. 1965ರಲ್ಲಿ ತೀರಿಕೊಂಡರು. ರಹಮತ್ ತರೀಕೆರೆಯವರು ಊರೂರು ಅಲೆದು, ಚದುರಿದ್ದನ್ನು ಒಟ್ಟುಗೂಡಿಸಿ ಕನ್ನಡದಲ್ಲಿ ಅವರ ಜೀವನಚರಿತ್ರೆ ಬರೆದಿದ್ದಾರೆ. ತಟ್ಟೆಗಳ ಮುದ್ರಣಹಕ್ಕು ಮುಗಿದಿದೆ. ಪುಸ್ತಕ ಇದೆ, ದನಿ ಇದೆ. ಬೇಕಿರುವುದು ಕೊಟಿಯಾರ್ ಅವರಂತೆ ಉಸಿರನ್ನು ಅಭ್ಯಾಸ ಮಾಡಬಲ್ಲ ಒಬ್ಬ ನಟಿ ಮತ್ತು ಆ ತಟ್ಟೆಗಳ ಒಳ್ಳೆಯ ಪ್ರತಿಗಳು.

ಒಳ್ಳೆಯ ಪ್ರತಿ ಸಿಗುವುದೇ ಎಲ್ಲಕ್ಕಿಂತ ಕಷ್ಟ. ಹಕ್ಕು ಮುಗಿದ ತಟ್ಟೆಯನ್ನು ಜೋಪಾನ ಮಾಡುವ ಆಸೆ ಕಂಪನಿಗೆ ಇರುವುದಿಲ್ಲ. ಆ ಹೊತ್ತಿಗೆ ಮನೆಗಳಲ್ಲಿದ್ದವು ಒಡೆದಿರುತ್ತವೆ. ಆಕಾಶವಾಣಿಯ ಬೆಂಗಳೂರು ನಿಲಯ 1955ರಿಂದ ಇದೆ, ಸಂಗ್ರಾಹಕರು ಕೆಲವರಿದ್ದಾರೆ. ಆದರೆ ಕಾಳಿಂಗರಾಯರ ಎಲ್ಲ ತಟ್ಟೆಗಳು, ಅಮೀರಬಾಯಿಯ ಎಲ್ಲ ತಟ್ಟೆಗಳು ಎಂದು ಒಂದೇ ಕಡೆ ಹೋಗಿ ಕೇಳುವ ಅನುಕೂಲ ನಮ್ಮ ಊರಿನಲ್ಲಿ ಸಾಮಾನ್ಯ ಕೇಳುಗನಿಗೆ ಇಲ್ಲ. ಚಲನಚಿತ್ರಕ್ಕೆ ಸಹಾಯಧನ ಕೊಡುವ ಸರ್ಕಾರ ಅದರ ಸಣ್ಣದೊಂದು ಪಾಲನ್ನು ಈ ಕೆಲಸಕ್ಕೆ ತೆಗೆದಿಟ್ಟರೂ ಸಾಕು.

ಕಾಳಿಂಗರಾಯರ ಒಂದು ತಟ್ಟೆ ನನಗೆ ಸಿಕ್ಕಿದ್ದು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಿ, ಹಳೆಯ ಫ್ಯಾನ್ ರೆಗ್ಯುಲೇಟರುಗಳು ಮತ್ತು ಚಾರ್ಜರುಗಳ ಗುಡ್ಡೆಯ ನಡುವೆ. ಹತ್ತು ಅಂಗುಲದ ಅರಗಿನ ತಟ್ಟೆ, ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ. ಅಂಚಿನಿಂದ ನಡುವಿನವರೆಗೆ ಕೂದಲೆಳೆಯಷ್ಟು ಸೀಳು. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆ, ಹಾಗಾಗಿ ನಿಮಿಷಕ್ಕೆ 78 ಸಲ ಮುಳ್ಳು ಆ ಸೀಳನ್ನು ದಾಟಿ ‘ಟಕ್’ ಎನ್ನುತ್ತದೆ, ಹಾಡಿನ ತಾಳಕ್ಕೆ ಹೊಂದದ ಇನ್ನೊಂದು ತಾಳದಂತೆ. ಅದನ್ನು ಕಂಪ್ಯೂಟರಿಗೆ ಇಳಿಸಲು ಪರಿಚಯದ ಸ್ಟುಡಿಯೊಗೆ ಒಯ್ದೆ. ಅಲ್ಲಿನ ಹುಡುಗ ಎರಡು ನಿಮಿಷ ಕೇಳಿ, “ಈ ಟಕ್ ಟಕ್ ಪೂರ್ತಿ ತೆಗೆದುಬಿಡಲೇ ಸರ್? ಹೊಸದರ ಹಾಗೆ ಆಗುತ್ತದೆ” ಎಂದ. ಎರಡು ಪ್ರತಿ ಮಾಡಿಕೊಡು ಎಂದೆ, ಒಂದು ತೆಗೆದು, ಒಂದು ಹಾಗೆಯೇ.

ರಾತ್ರಿ ಎರಡನ್ನೂ ಒಂದರ ಹಿಂದೊಂದು ಕೇಳಿದೆ. ಕೊನೆಯ ಚರಣಕ್ಕೆ ಮುಂಚೆ, ಎರಡು ಟಕ್‌ಗಳ ನಡುವೆ, ಕಾಳಿಂಗರಾಯರು ಉಸಿರೆಳೆದುಕೊಳ್ಳುವುದು ಹಾಗೆಯೇ ಬಿಟ್ಟ ಪ್ರತಿಯಲ್ಲಿ ಕೇಳಿಸುತ್ತದೆ. ಶುಚಿ ಮಾಡಿದ ಪ್ರತಿಯಲ್ಲಿ ಟಕ್ ಇಲ್ಲ. ಆ ಉಸಿರೂ ಇಲ್ಲ.